ಒಂಟಿ ಕುಲದ ಪಾಠ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಬಿ.ಎಸ್ಸಿ. ಸಹಪಾಠಿಗಳ ವಾಟ್ಸ್ಯಾಪ್ ಗುಂಪಿಗೆ ಬಂದದ್ದು ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ. ಯಾರದೋ ಮನೆಯ ಬೆಕ್ಕು ಸತ್ತರೂ ಕೈಮುಗಿದ ಚಿತ್ರಗಳು ಸಾಲುಗಟ್ಟುವ ಗುಂಪು ಅದು. ಅವತ್ತು ಎಲ್ಲರೂ ಓದಿದರು, ಯಾರೂ ಏನೂ ಬರೆಯಲಿಲ್ಲ. ಬಹಳ ಹೊತ್ತಿನ ಮೇಲೆ, ಚಿತ್ರದುರ್ಗದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಒಬ್ಬ, 'ನಮ್ಮ ಕಡೆ ಮೋಡ ಆಗೈತೆ, ನಿಮ್ಮ ಕಡೆ ಹೆಂಗೆ?' ಎಂದು ಕೇಳಿದ. ಅದಕ್ಕೆ ಕೂಡಲೇ ಹತ್ತಾರು ಉತ್ತರಗಳು ಬಂದವು.

ನಾನು ಸಿರಿಗೆರೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹೆಡ್‌ಮಾಸ್ತರಿಗೆ ರಜೆ ಹೇಳಿ ಮೇಡಂ ಊರಾದ ಹೊಳಲ್ಕೆರೆಯ ಬಸ್ಸು ಹತ್ತಿದೆ. ನನಗೆ ಪ್ರಾಣಿಶಾಸ್ತ್ರ ಬಂದದ್ದು ಮೇಡಮ್ಮಿಂದ. ನನಗಿಂತ ಚೆನ್ನಾಗಿ ಅದು ಬರುತ್ತಿದ್ದವಳು ಕಾಟಮ್ಮ. ಅವಳಿಗೂ ಬಸ್ಸಿನಿಂದಲೇ ಫೋನು ಮಾಡಿದೆ. ಅವಳು ಧರ್ಮಪುರದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ವಿಷಯ ಹೇಳಿದೆ. 'ಹೌದಾ' ಎಂದಳು. ಹಿಂದೆ ಮಕ್ಕಳು ಪದ್ಯ ಹೇಳುತ್ತಿದ್ದವು. 'ಎಲ್ಲಿ, ಹೊಳಲ್ಕೆರೇಲಾ?' ಎಂದು ಕೇಳಿ ಇಟ್ಟುಬಿಟ್ಟಳು.

ಹಿರಿಯೂರಿನ ಕಾಲೇಜಿನಲ್ಲಿ ಮೇಡಂ ನಮಗೆ ಮೂರು ವರ್ಷ ಪಾಠ ಮಾಡಿದರು. ಬಡಕಲು ಮೈ, ಇಸ್ತ್ರಿ ಮಾಡಿದ ಹತ್ತಿಸೀರೆ, ಬಿಗಿಯಾಗಿ ಎಳೆದು ಕಟ್ಟಿದ ಕೂದಲು. ಮದುವೆಯಾಗಿರಲಿಲ್ಲ. ಮೊದಲ ದಿನ ಹಾಜರಿ ಕರೆಯುವಾಗಲೇ ಹೇಳಿಬಿಟ್ಟಿದ್ದರು: 'ನಿಮ್ಮ ಹೆಸರು ನೆನಪಿಟ್ಟುಕೊಳ್ಳುವುದಕ್ಕೆ ನನ್ನ ತಲೆಯಲ್ಲಿ ಜಾಗವಿಲ್ಲ. ಊರು ಹೇಳಿ, ಸಾಕು.' ಹಾಗಾಗಿ ಹೊಸದುರ್ಗದವಳಾದ ನಾನು ಮೂರು ವರ್ಷವೂ ಬರೀ ಹೊಸದುರ್ಗವಾಗಿದ್ದೆ. ಒಂದೇ ಊರಿನವರು ಇಬ್ಬರಿದ್ದರೆ ದಪ್ಪ, ಸಣ್ಣ, ಕಪ್ಪು ಎಂದು ಮುಂದೊಂದು ಪದ ಸೇರುತ್ತಿತ್ತು.

ಪಾಠ ಮಾಡುವಾಗ ಅವರದು ಪುಸ್ತಕದ ಕನ್ನಡ. ಯಾರನ್ನಾದರೂ ನೋಯಿಸಬೇಕೆನ್ನಿಸಿದಾಗ ಮಾತ್ರ ಹೊಳಲ್ಕೆರೆಯ ಮಾತು ಹೊರಗೆ ಬರುತ್ತಿತ್ತು. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ನಿಧಾನವಾಗಿ ಒರೆಸುವರು. ಅದನ್ನು ಕಂಡರೆ ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ದನಿ ಮಾತ್ರ ಏರುತ್ತಿರಲಿಲ್ಲ.

ಆದರೆ ಪ್ರತಿ ಸೋಮವಾರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಅವತ್ತು ಸಿಲಬಸ್ಸಿನಲ್ಲಿಲ್ಲದ ಒಂದು ಪಾಠ. ತನ್ನ ಕುಲದಲ್ಲಿ, ಅಂದರೆ ಜೀನಸ್ಸಿನಲ್ಲಿ, ಇಲ್ಲವೆ ಕುಟುಂಬದಲ್ಲಿ, ತಾನೊಂದೇ ಬದುಕಿ ಉಳಿದಿರುವ ಪ್ರಾಣಿಗಳನ್ನು ವಾರಕ್ಕೊಂದರಂತೆ ಹೇಳುತ್ತಿದ್ದರು. ಗೆದ್ದಲು ತಿಂದು ಬದುಕುವ ಆಫ್ರಿಕಾದ ಆರ್ಡ್‌ವಾರ್ಕ್. ಅದರ ಇಡೀ ಗಣದಲ್ಲಿ ಬೇರೆ ಯಾವುದೂ ಉಳಿದಿಲ್ಲ. ನ್ಯೂಜಿಲೆಂಡಿನ ಟುವಟಾರ, ನೋಡಲು ಓತಿಯ ಹಾಗೆ, ಆದರೆ ಓತಿಯಲ್ಲ. 'ಇದರ ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರೂ ಕಲ್ಲಾಗಿ ನೆಲದೊಳಗಿದ್ದಾರೆ' ಎನ್ನುವಾಗ ಅವರ ದನಿ ಒದ್ದೆಯಾಗುತ್ತಿತ್ತು. ಚಿತ್ರವನ್ನು ಹಿಡಿದು ಬೆಂಚಿನಿಂದ ಬೆಂಚಿಗೆ ಬರುವರು. ಚಿತ್ರದುರ್ಗದ ಬಂಡೆಗಳ ಸಂದಿಯಲ್ಲಿರುವ ನಮ್ಮ ಕರಡಿಯೂ ಅಂಥದ್ದೇ, ಅದರ ಕುಲದಲ್ಲಿ ಬೇರೆ ಕರಡಿಯಿಲ್ಲ ಎಂದು ಹೇಳಿದ ದಿನ ನಮಗೆಲ್ಲ ಏನೋ ಹೆಮ್ಮೆಯಾಗಿತ್ತು.

ಒಂದು ಸೋಮವಾರ ಮನುಷ್ಯನ ಸರದಿ. 'ನಮ್ಮ ಕುಲದಲ್ಲೂ ಈಗ ನಾವೊಬ್ಬರೇ. ಬೇರೆ ಬೇರೆ ಮನುಷ್ಯರಿದ್ದರು, ಎಲ್ಲರೂ ಮುಗಿದುಹೋದರು. ಉಳಿಯಬೇಕಾದವರು ಉಳಿದರೋ ಇಲ್ಲವೋ ಅನ್ನೋದು ನಿಮ್ಮ ಮುಖಗಳನ್ನ ನೋಡಿದರೆ ಗೊತ್ತಾಗ್ತದೆ' ಎಂದರು. ಯಾರೋ ನಕ್ಕರು. ಮೇಡಂ ನಗಲಿಲ್ಲ.

ಧರ್ಮಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಪ್ಲಾಟಿಪಸ್ ಪಾಠದ ದಿನ ಅವನು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದು ಮೇಡಂ ಕಿವಿಗೆ ಬಿತ್ತು. ಎಬ್ಬಿಸಿ ನಿಲ್ಲಿಸಿದರು. 'ಇದರ ಕುಲದ ಹೆಸರು ಹೇಳು. ಆರ್ನಿಥೋರಿಂಕಸ್.' ಅವನು 'ಆ... ಆ...' ಎನ್ನುತ್ತ ಕತ್ತಿನ ನರ ಉಬ್ಬಿಸಿಕೊಂಡು ನಿಂತ. ಮೇಡಂ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸತೊಡಗಿದರು. 'ಹೇಳಪ್ಪ, ನಮಗೇನೂ ಅವಸರ ಇಲ್ಲ. ಬೆಲ್ ಹೊಡೆಯೋ ಗಂಟ ಕಾಯ್ತೀವಿ.' ಕಾದರು. ನಾವೂ ಕಾದೆವು. ಬೆಲ್ಲು ಹೊಡೆದಾಗ ಅವನ ಅಂಗಿಯ ಮುಂಭಾಗವೆಲ್ಲ ಕಣ್ಣೀರಿನಿಂದ ಒದ್ದೆಯಾಗಿತ್ತು. ಮಾರನೆಯ ವಾರ ಅವನು ಬಿ.ಎ.ಗೆ ಹೋಗಿ ಸೇರಿದ. 'ಅಲ್ಲಿ ಉದ್ದನೆಯ ಹೆಸರುಗಳಿರಲ್ಲ, ಒಳ್ಳೇದಾತು' ಎಂದರು ಮೇಡಂ.

ಅವರ ತಾಯಿ ಹೋದಾಗ ಒಂದೇ ದಿನ ರಜೆ ಹಾಕಿ ಮರುದಿನ ಬಂದುಬಿಟ್ಟರು. ನಮ್ಮಲ್ಲೊಬ್ಬಳು ಧೈರ್ಯ ಮಾಡಿ, 'ಬೇಜಾರು ಮಾಡ್ಕೋಬೇಡಿ ಮೇಡಂ' ಎಂದಳು. ಮೇಡಂ ಅವಳನ್ನು ಅರ್ಥವಾಗದವರ ಹಾಗೆ ನೋಡಿದರು. 'ವಯಸ್ಸಾಗಿತ್ತು, ಸತ್ಲು. ಮನುಷ್ಯರಿಗೇನು ಬರಗಾಲನಾ? ನಿನ್ನ ರೆಕಾರ್ಡ್ ಎಲ್ಲೈತೆ, ತೋರ್ಸು.'

ಇಂಥ ಮೇಡಂ ಹೆಸರು ಹಿಡಿದು ಕರೆಯುತ್ತಿದ್ದ ಒಬ್ಬಳೇ ವಿದ್ಯಾರ್ಥಿನಿ ಕಾಟಮ್ಮ. ಜವನಗೊಂಡನಹಳ್ಳಿಯ ಕಡೆಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆತನ. ಅವಳ ಹಿಂದೆ ಮನೆಯಲ್ಲಿ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಲ್ಯಾಟಿನ್ ಹೆಸರುಗಳನ್ನು ಅವಳು ನೆಂಟರ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಎಂ.ಎಸ್ಸಿ.ಗೆ ತಾವೇ ಸೇರಿಸುವುದಾಗಿ ಮೇಡಂ ಎಲ್ಲರೆದುರಿಗೇ ಹೇಳಿದ್ದರು. ಕಾಟಮ್ಮನಿಗೆ ಮೇಡಂ ಎಂದರೆ ದೇವರು. ಅವರ ಹಾಗೆಯೇ ಕೂದಲು ಎಳೆದು ಕಟ್ಟುತ್ತಿದ್ದಳು.

ಕೊನೆಯ ವರ್ಷದ ಒಂದು ಸೋಮವಾರ ಕೊಂಡುಕುರಿಯ ಪಾಠ ನಡೆಯಿತು. ಜಿಂಕೆಗಿಂತ ಸಣ್ಣದು, ಕುರುಚಲು ಕಾಡಿನ ಪ್ರಾಣಿ. ಗಂಡಿಗೆ ನಾಲ್ಕು ಕೊಂಬು. ಕಾಡಿನಲ್ಲಿರುವ ಇನ್ಯಾವ ಪ್ರಾಣಿಗೂ ನಾಲ್ಕು ಕೊಂಬಿಲ್ಲ. ಅದರ ಕುಲದಲ್ಲಿ ಅದೊಂದೇ. 'ನಮ್ಮ ಜೋಗಿಮಟ್ಟಿ ಗುಡ್ಡದಲ್ಲೇ ಇದೆ. ಇಷ್ಟು ವರ್ಷದಲ್ಲಿ ನನಗೆ ಒಂದು ಸಲವೂ ಹತ್ತಿರದಿಂದ ಕಾಣಿಸಿಲ್ಲ' ಎಂದರು ಮೇಡಂ.

ಕಾಟಮ್ಮ ಎದ್ದು ನಿಂತಳು. ಮುಖವೆಲ್ಲ ನಗು. 'ಮೇಡಂ, ನಮ್ಮನೇಲಿ ಒಂದೈತೆ.'

'ಏನೈತೆ?'

'ಕೊಂಡುಕುರಿ. ಮರಿ ಇದ್ದಾಗ ಅಪ್ಪನಿಗೆ ಬೇಲಿ ಸಂದೀಲಿ ಸಿಕ್ತು. ತಾಯಿನ ನಾಯಿಗಳು ಹರಿದುಹಾಕಿದ್ವಂತೆ. ಆಡಿನ ಹಾಲು ಕುಡಿಸಿ ಸಾಕಿದ್ವಿ. ಈಗ ಹಿಂದಿನ ಎರಡು ಕೊಂಬು ಬಂದವೆ. ಮುಂದಿನವು ಗಂಟುಗಂಟಾಗಿ ಏಳ್ತಾ ಅವೆ.'

ಮೇಡಂ ಚಿತ್ರವನ್ನು ಮೇಜಿನ ಮೇಲಿಟ್ಟರು. ಅಷ್ಟು ಮೆತ್ತಗೆ ಅವರು ಯಾರನ್ನೂ ಮಾತಾಡಿಸಿದ್ದು ನಾನು ಕೇಳಿರಲಿಲ್ಲ. 'ಹಿಕ್ಕೆ ಎಲ್ಲಿ ಹಾಕುತ್ತೆ ಕಾಟಮ್ಮ?'

'ದಿನಾ ಒಂದೇ ಕಡೆ ಮೇಡಂ, ದೊಡ್ಡಿ ಮೂಲೇಲಿ. ಕುರಿಗಳಂಗೆ ಎಲ್ಲಂದ್ರಲ್ಲಿ ಹಾಕಲ್ಲ.'

'ಅದೇ, ಅದೇ. ಕೊಂಡುಕುರಿಯ ಗುರುತೇ ಅದು' ಎಂದರು ಮೇಡಂ.

ಆ ಭಾನುವಾರ ಅವರು ಹಟ್ಟಿಗೆ ಬಂದರು. ಕಾಟಮ್ಮ ಒಬ್ಬಳೇ ಕರೆದುಕೊಂಡು ಹೋಗಲು ಸಂಕೋಚವೆಂದು ನನ್ನನ್ನೂ ಜೊತೆಗೆ ಕರೆದಿದ್ದಳು. ಬಸ್ಸಿಳಿದು ಜಾಲಿಗಿಡಗಳ ನಡುವಿನ ದಾರಿಯಲ್ಲಿ ನಡೆದು ಹೋದೆವು. ಅವಳ ಅಪ್ಪ ಹೆಗಲ ಮೇಲಿನ ಕಂಬಳಿಯನ್ನೇ ತೆಗೆದು ಕಟ್ಟೆಯ ಮೇಲೆ ಹಾಸಿದ. 'ಬರ್ರಿ ಮೇಡಮ್ಮರೆ, ಕುಂತ್ಕಳ್ರಿ. ನಮ್ಮ ಹುಡುಗಿ ದಿನಾ ನಿಮ್ಮ ಸುದ್ದಿನೇ ಹೇಳ್ತಾಳೆ.' ಅವ್ವ ಮಜ್ಜಿಗೆ ತಂದು ಕೊಟ್ಟಳು.

ಆಡುಗಳ ನಡುವಿನಿಂದ ಅದು ಹೊರಗೆ ಬಂತು. ತೆಳ್ಳನೆಯ ಕಾಲು, ಕಂದು ಮೈ, ಕಪ್ಪಾಗಿ ಹೊಳೆಯುವ ಕಣ್ಣು. ಹೊಸಬರನ್ನು ಕಂಡು ಒಂದು ಹೆಜ್ಜೆ ಹಿಂದಕ್ಕಿಟ್ಟಿತು. ಕಾಟಮ್ಮನ ಅಪ್ಪ ಅಂಗೈಯಲ್ಲಿ ಉಪ್ಪು ಹಿಡಿದು 'ಬಾರಲೇ ಸಣ್ಣೋನೆ' ಎಂದ. ಬಂದು ನೆಕ್ಕಿತು. ಮೇಡಂ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಮುಟ್ಟಲಿಲ್ಲ, ಫೋಟೋ ತೆಗೆಯಲಿಲ್ಲ, ಬರೀ ನೋಡುತ್ತಿದ್ದರು. ಅವರ ಕಣ್ಣು ತುಂಬಿ ಒಂದು ಹನಿ ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳುವುದು ಅವರಿಗೆ ಹೊಳೆಯಲೂ ಇಲ್ಲ.

ಆಮೇಲೆ ಬಹಳ ಪ್ರಶ್ನೆ ಕೇಳಿದರು. ಎಲ್ಲಿ ಸಿಕ್ಕಿತು, ಯಾವ ಗುಡ್ಡದ ಅಂಚು, ಆಗ ಜೊತೆಯಲ್ಲಿ ಯಾರಿದ್ದರು, ಫಾರೆಸ್ಟಿನವರಿಗೆ ತಿಳಿಸಿದ್ದಿರಾ? ಆತ ಎಲ್ಲಕ್ಕೂ ಖುಷಿಯಿಂದ ಉತ್ತರ ಕೊಟ್ಟ. 'ಇಲ್ರವ್ವ, ಅವರಿಗ್ಯಾಕೆ ಹೇಳಾದು? ತಾಯಿ ಇಲ್ಲದ್ದು, ಬಿಟ್ರೆ ನಾಯಿ ಹಿಡೀತವೆ. ರಾತ್ರಿ ನನ್ನ ಕಾಲತ್ರನೇ ಮಲಗ್ತದೆ.'

ಹಿಂದಿರುಗುವಾಗ ಬಸ್ಸಿನಲ್ಲಿ ನಾನೂ ಮೇಡಮ್ಮೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಹಿರಿಯೂರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಇಳಿಯುವಾಗ, 'ಕುತ್ತಿಗೆಯಲ್ಲಿ ಹಗ್ಗದ ಗುರುತಿತ್ತು, ನೋಡಿದೆಯಾ?' ಎಂದು ಕೇಳಿದರು. ನಾನು ನೋಡಿರಲಿಲ್ಲ.

ಆ ವಾರವೇ ಹಟ್ಟಿಗೆ ಫಾರೆಸ್ಟಿನವರ ಜೀಪು ಹೋಯಿತು. ಕೊಂಡುಕುರಿಯನ್ನು ಗೋಣಿತಾಟಿನಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಕಾಟಮ್ಮನ ಅಪ್ಪನನ್ನು ಅದೇ ಜೀಪಿನ ಹಿಂಬದಿಯಲ್ಲಿ ಕೂರಿಸಿದರು. ಕಾಡುಪ್ರಾಣಿಯನ್ನು ಕಟ್ಟಿ ಸಾಕಿದ ಕೇಸು, ಜಾಮೀನು ಸುಲಭವಾಗಿ ಸಿಗುವಂಥದ್ದಲ್ಲ. ಆತ ಕಟ್ಟೆಯ ಮೇಲೆ ಕೂತು ಮೇಡಮ್ಮಿಗೆ ಹೇಳಿದ್ದ ಒಂದೊಂದು ಮಾತೂ ದೂರಿನಲ್ಲಿತ್ತು.

ಕಾಟಮ್ಮ ಅತ್ತು ಊದಿಕೊಂಡ ಮುಖದಲ್ಲಿ ಸ್ಟಾಫ್ ರೂಮಿಗೆ ಬಂದಳು. ನಾನು ಬಾಗಿಲ ಬಳಿ ನಿಂತಿದ್ದೆ.

'ಮೇಡಂ, ನೀವಾ ಹೇಳಿದ್ದು?'

'ಹೂಂ. ನಾನೇ.'

'ಅಪ್ಪನ್ನ ಒಳಗೆ ಹಾಕ್ಯಾರೆ ಮೇಡಂ.'

ಮೇಡಂ ಕನ್ನಡಕ ತೆಗೆದರು. ಒರೆಸಿದರು. 'ನಿಮ್ಮಪ್ಪನಂಥೋರು ಈ ತಾಲ್ಲೂಕಿನ ತುಂಬ ಅವ್ರೆ. ಅದರಂಥವು ಎಷ್ಟವೆ, ನೀನೇ ಹೇಳು. ಓದಿದೀಯಲ್ಲ?'

ಉತ್ತರ ಅವಳಿಗೆ ಗೊತ್ತಿತ್ತು. ತಿರುಗಿ ಹೊರಟುಬಂದಳು.

ಮೇಡಂ ಕಾನೂನು ಮೀರಲಿಲ್ಲ. ಕಾಡುಪ್ರಾಣಿಯನ್ನು ಆಡುಗಳ ಜೊತೆ ಕಟ್ಟಿ ಸಾಕಬಾರದೆಂದು ಇವತ್ತು ನಾನೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೆ ಆ ಭಾನುವಾರ, ಮಜ್ಜಿಗೆಯ ಲೋಟ ಕೆಳಗಿಡುತ್ತ, 'ಇದನ್ನ ನೀವೇ ಹೋಗಿ ಒಪ್ಪಿಸಿಬಿಡ್ರಿ, ಇಲ್ಲಾಂದ್ರೆ ತೊಂದರೆಯಾಗ್ತದೆ' ಎಂದು ಒಂದು ಮಾತು ಹೇಳಿದ್ದರೆ ಆತ ಅಳುತ್ತಲಾದರೂ ಒಪ್ಪಿಸಿಬಿಡುತ್ತಿದ್ದ. ಆ ಮಾತು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಬೇಡವೆನ್ನಿಸಿತೋ, ಇವತ್ತಿಗೂ ತಿಳಿದಿಲ್ಲ.

ಕೊಂಡುಕುರಿಯನ್ನು ಯಾವುದೋ ಮೃಗಾಲಯದಲ್ಲಿ ಬಲೆ ಕಟ್ಟಿದ ಆವರಣದಲ್ಲಿ ಒಂಟಿಯಾಗಿ ಬಿಟ್ಟರು. ಮರಿಯಿದ್ದಾಗಿನಿಂದ ಆಡುಗಳ ನಡುವೆ ಬೆಳೆದು, ಮನುಷ್ಯನ ಕಾಲ ಬಳಿ ಮಲಗಿದ್ದ ಪ್ರಾಣಿ ಅದು. ಸೊಪ್ಪು ಮುಟ್ಟಲಿಲ್ಲವಂತೆ. ಒಂದು ಬೆಳಿಗ್ಗೆ ಹೊರಗೆ ಟ್ರ್ಯಾಕ್ಟರ್ ಸದ್ದಿಗೆ ಬೆದರಿ ಹಾರಿ ಬಲೆಗೆ ಬಡಿದು ಕುತ್ತಿಗೆ ಮುರಿದುಕೊಂಡಿತು. ಮೇಡಂ ಸುದ್ದಿ ಕೇಳಿ ತರಗತಿ ಬಿಟ್ಟು ಓಡಿದರು. ಮೂರು ದಿನ ಕಾಲೇಜಿಗೆ ಬರಲಿಲ್ಲ. ತಾಯಿ ಸತ್ತಾಗ ಒಂದೇ ದಿನ ರಜೆ ಹಾಕಿದ್ದವರು.

ನಾಲ್ಕನೆಯ ದಿನ ಬಂದವರು ಅದರ ತಲೆಬುರುಡೆ ಕಾಲೇಜಿನ ಮ್ಯೂಸಿಯಮ್ಮಿಗೆ ಬೇಕೆಂದು ಅರ್ಜಿ ಹಾಕಿದರು. ಎಲ್ಲೆಲ್ಲೋ ಓಡಾಡಿ ಅನುಮತಿ ತಂದರು. ಲ್ಯಾಬಿನಲ್ಲಿ ತಾವೇ ನಿಂತು ಬೇಯಿಸಿ, ಮಾಂಸ ಬಿಡಿಸಿ, ಮೂಳೆ ಬಿಳುಪು ಮಾಡಿದರು. ಆ ದಿನಗಳಲ್ಲಿ ಕಾರಿಡಾರಿನ ತುಂಬ ವಾಸನೆ ಹರಡಿತ್ತು. ಪಕ್ಕದ ಕೋಣೆಯಲ್ಲೇ ನಮ್ಮ ತರಗತಿ. ಕಾಟಮ್ಮ ಮೂಗು ಮುಚ್ಚಿಕೊಳ್ಳದೆ ನೋಟ್ಸು ಬರೆದುಕೊಳ್ಳುತ್ತಿದ್ದಳು.

ಆಮೇಲೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಮೇಜುಗಳ ಮೇಲೆ ಸಾಲಾಗಿ ಮಾದರಿಗಳನ್ನು ಇಟ್ಟಿರುತ್ತಾರೆ. ಗಂಟೆ ಬಾರಿಸಿದಂತೆ ಒಂದೊಂದೇ ಮೇಜಿಗೆ ಹೋಗಿ ಗುರುತಿಸಿ ಬರೆಯಬೇಕು. ಕಾಟಮ್ಮನ ನಂತರದ ಸರದಿ ನನ್ನದು. ಕೊನೆಯ ಮೇಜಿನಲ್ಲಿ ಆ ತಲೆಬುರುಡೆಯಿತ್ತು. ಹಿಂದೆ ಎರಡು ಮೊನಚು ಕೊಂಬು, ಮುಂದೆ ಎರಡು ಗಂಟು. ಕಾಟಮ್ಮ ಅದರ ಮುಂದೆ ನಿಂತಳು. ಹೊರಗಿನಿಂದ ಬಂದ ಪರೀಕ್ಷಕರು ಚಹಾ ಕುಡಿಯುತ್ತಿದ್ದರು. ಮೇಡಂ ಕೈಕಟ್ಟಿಕೊಂಡು ಕಾಟಮ್ಮನನ್ನೇ ನೋಡುತ್ತಿದ್ದರು. ಅವಳು ಒಂದು ಬೆರಳಿನಿಂದ ಮುಂದಿನ ಗಂಟನ್ನು ಮುಟ್ಟಿದಳು. 'ಮಾದರಿಯನ್ನು ಮುಟ್ಟಬಾರದು' ಎಂದರು ಮೇಡಂ.

ಅವಳು ಬರೆದಳು. ಕುಲ, ಪ್ರಭೇದ, ಈ ಕುಲದಲ್ಲಿ ಬದುಕಿರುವ ಏಕೈಕ ಪ್ರಭೇದ, ಗಂಡು, ಮುಂದಿನ ಕೊಂಬುಗಳು ಪೂರ್ತಿ ಬೆಳೆದಿಲ್ಲ, ಪ್ರಾಯ ಒಂದೂವರೆ ವರ್ಷ. ಒಂದಕ್ಷರ ತಪ್ಪಿರಲಿಲ್ಲ. ಮೇಡಂ ಪೂರ್ತಿ ಅಂಕ ಕೊಟ್ಟು ಆ ಉತ್ತರವನ್ನು ಉಳಿದ ಅಧ್ಯಾಪಕರಿಗೆ ತೋರಿಸಿದರು. 'ಹೀಗೆ ಬರೆಯಬೇಕು' ಎಂದರಂತೆ.

ಪರೀಕ್ಷೆಗಳು ಮುಗಿದ ಮೇಲೆ ಕಾಟಮ್ಮ ಕಾಲೇಜಿನ ಕಡೆ ಬರಲಿಲ್ಲ. ಫಲಿತಾಂಶ ನೋಡಲೂ ಬರಲಿಲ್ಲ. ಎಂ.ಎಸ್ಸಿ. ಅರ್ಜಿಯನ್ನು ಮೇಡಂ ತರಿಸಿಟ್ಟಿದ್ದರು. 'ಬರದೇ ಇದ್ರೆ ಬೇಡ, ಕುರಿ ಕಾಯ್ಲಿ' ಎಂದು ಅದನ್ನು ಬೇರೆ ಯಾರಿಗೋ ಕೊಟ್ಟರು.

ಕುರಿ ಕಾಯಲು ಕುರಿಯೂ ಬಹಳ ದಿನ ಉಳಿಯಲಿಲ್ಲ. ಕಾಟಮ್ಮನ ಅಪ್ಪ ಜಾಮೀನಿನ ಮೇಲೆ ಹೊರಗೆ ಬಂದರೂ ಕೇಸು ವರ್ಷಗಟ್ಟಲೆ ನಡೆಯಿತು. ಕೋರ್ಟಿನ ದಿನ ಬಂದಾಗಲೆಲ್ಲ ಹಿಂಡನ್ನು ಬೇರೆಯವರ ವಶಕ್ಕೆ ಬಿಟ್ಟು ಹೋಗಬೇಕು. ಒಂದಷ್ಟು ರೋಗಕ್ಕೆ ಹೋದವು, ಉಳಿದವನ್ನು ಮಾರಿದರು. ಒಮ್ಮೆ ನಾನೂ ಕಾಟಮ್ಮನ ಜೊತೆ ಕೋರ್ಟಿಗೆ ಹೋಗಿದ್ದೆ. ಜಗಲಿಯಲ್ಲಿದ್ದ ಒಂದೇ ಬೆಂಚಿನ ತುದಿಯಲ್ಲಿ ಅವಳ ಅಪ್ಪ ಕೂತಿದ್ದ. ಅಷ್ಟರಲ್ಲಿ ಮೇಡಂ ಸಾಕ್ಷಿ ಹೇಳಲು ಬಂದರು, ಅದೇ ಇಸ್ತ್ರಿ ಮಾಡಿದ ಸೀರೆ. ಆತ ಗಡಬಡಿಸಿ ಎದ್ದು ಟವೆಲ್ಲಿನಿಂದ ಬೆಂಚು ಒರೆಸಿದ.

'ಬರ್ರಿ ಮೇಡಮ್ಮರೆ, ಕುಂತ್ಕಳ್ರಿ.'

ಮೇಡಂ ಕುಳಿತರು. ಆತ ಕರೆ ಬರುವವರೆಗೂ ಕಂಬಕ್ಕೊರಗಿ ನಿಂತೇ ಇದ್ದ. ಒಳಗೆ ಹೋಗಿ ಮೇಡಂ ಕಂಡದ್ದನ್ನು, ಕೇಳಿದ್ದನ್ನು ಕಂಡ ಹಾಗೆ, ಕೇಳಿದ ಹಾಗೆ ಹೇಳಿದರು. ಒಂದು ಸುಳ್ಳು ಸೇರಿಸಲಿಲ್ಲ. ತೀರ್ಪು ಬರುವ ಮೊದಲೇ ಕಾಟಮ್ಮನ ಅಪ್ಪ ತೀರಿಕೊಂಡ.

ಮೇಡಂ ನಿವೃತ್ತರಾಗಿ ಹೊಳಲ್ಕೆರೆಯ ಮನೆ ಸೇರಿದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತು ಮಾತ್ರ ನೆಟ್ಟಗಿತ್ತು. ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

'ಆ ತಲೆಬುರುಡೆಯನ್ನ ಕಾಟಮ್ಮನ ಪರೀಕ್ಷೆಗೆ ಯಾಕೆ ಇಟ್ರಿ ಮೇಡಂ?'

'ನಿಮ್ಮಲ್ಲಿ ಅದನ್ನ ಸರಿಯಾಗಿ ಬರೆಯೋದು ಅವಳೊಬ್ಬಳಿಗೇ ಬರ್ತಿತ್ತು. ನೀನೇನು ಬರೆದಿದ್ದೆ? ಜಿಂಕೆ ಅಂತ ಬರೆದಿದ್ದೆ.' ನಿಜ, ಗಾಬರಿಯಲ್ಲಿ ಹಾಗೆ ಬರೆದಿದ್ದೆ.

'ಅದರಲ್ಲಿ ಏನೂ ತಪ್ಪಾಯ್ತು ಅನ್ನಿಸಲಿಲ್ವಾ?'

'ತಪ್ಪಾಯ್ತು' ಎಂದರು. 'ಅದನ್ನ ಒಂಟಿಯಾಗಿ ಕೂಡಿಹಾಕಬಾರದಿತ್ತು. ಜೊತೆಗೆ ಒಂದು ಹೆಣ್ಣು ಬಿಡಿ ಅಂತ ಮೃಗಾಲಯದವರಿಗೆ ಆವತ್ತೇ ಬರೆಯಬೇಕಿತ್ತು. ತಡ ಮಾಡಿದೆ.' ಅಷ್ಟು ಹೇಳಿ ಬಲಗೈಯಿಂದ ಮುಖ ಮುಚ್ಚಿಕೊಂಡು ಅತ್ತರು.

ನಾನು ಹೊಳಲ್ಕೆರೆ ತಲುಪಿದಾಗ ಅವರ ದೇಹವನ್ನು ಹಜಾರದ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಹಾರ. ದಾವಣಗೆರೆಯಿಂದ ಬಂದಿದ್ದ ತಮ್ಮನ ಮಗ ಮತ್ತು ಅಕ್ಕಪಕ್ಕದ ನಾಲ್ಕಾರು ಹೆಂಗಸರು ಬಿಟ್ಟರೆ ಜನವಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿಸಿಕೊಂಡವರಲ್ಲಿ ನಾನೊಬ್ಬಳೇ. ಯಾರೂ ಅಳುತ್ತಿರಲಿಲ್ಲ. ಒಬ್ಬಾಕೆ ಊದುಬತ್ತಿ ಹಚ್ಚುತ್ತ ಪಕ್ಕದವಳ ಹತ್ತಿರ ಟೈಲರ್ ಅಂಗಡಿಯ ಮಾತಾಡುತ್ತಿದ್ದಳು.

ಮಧ್ಯಾಹ್ನ ದಾಟಿದ ಮೇಲೆ ಕಾಟಮ್ಮ ಬಂದಳು. ಬಸ್ಸಿನಿಂದ ಬಸ್ಸಿಗೆ ಬದಲಾಯಿಸಿಕೊಂಡು ಬಂದ ದಣಿವು ಮುಖದಲ್ಲಿತ್ತು. ಅಂಗನವಾಡಿಯ ಸೀರೆಯಲ್ಲೇ ಇದ್ದಳು. ತಮ್ಮನ ಮಗ ಬಿಡಿಹೂವಿನ ತಟ್ಟೆ ಮುಂದೆ ಹಿಡಿದ. 'ಹೂ ಹಾಕ್ರಿ ಅಕ್ಕಾರೆ.' ಅವಳು ತೆಗೆದುಕೊಳ್ಳಲಿಲ್ಲ. ಹತ್ತಿರ ಹೋಗಿ, ಬಗ್ಗಿ, ಮೇಡಂ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ಕೈ ಮುಗಿಯಲಿಲ್ಲ. ಹೊರಗೆ ಬಂದಳು. ನಾನೂ ಹಿಂದೆಯೇ ಬಂದೆ.

'ಇಷ್ಟು ದೂರ ಬರ್ತೀಯ ಅಂದ್ಕಂಡಿರ್ಲಿಲ್ಲ ಕಾಟಮ್ಮ.'

'ಸತ್ತಿದ್ದು ಕಣ್ಣಾರೆ ನೋಡ್ಬೇಕಿತ್ತು. ನೋಡಿದೆ' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಚೀಲ ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟವಳು ಗೇಟಿನ ಹತ್ತಿರ ನಿಂತಳು.

'ಮಣ್ಣಿಗೆ ಎಷ್ಟೊತ್ತಿಗಂತೆ?'

'ನಾಲ್ಕು ಗಂಟೆಗೆ ಅಂದ್ರು.'

'ಹಂಗಾರೆ ಮಣ್ಣು ಮುಚ್ಚಾದನ್ನೂ ನೋಡ್ಕಂಡೇ ಹೋಗ್ತೀನಿ.'

ರಸ್ತೆಯಾಚೆ ಬೇವಿನ ಮರದ ಕೆಳಗೆ ಒಂದು ಕಟ್ಟೆಯಿತ್ತು. ಅಲ್ಲಿಂದ ಹಜಾರದಲ್ಲಿ ಕೂರಿಸಿದ್ದ ಮೇಡಂ ನೇರವಾಗಿ ಕಾಣುತ್ತಿದ್ದರು. ಕಾಟಮ್ಮ ಆ ಕಡೆಗೆ ಮುಖ ಮಾಡಿ ಕೂತಳು. ಚೀಲದಿಂದ ಡಬ್ಬಿ ತೆಗೆದು, ಮುಚ್ಚಳದಲ್ಲಿ ಚಟ್ನಿ ಹಾಕಿಕೊಂಡು, ರೊಟ್ಟಿ ಮುರಿದು ತಿನ್ನತೊಡಗಿದಳು. ಹೆಣ ಹೊರಗೆ ಹೋಗುವ ಮುಂಚೆ ಎದುರಿಗೆ ಕೂತು ಹಾಗೆ ಉಣ್ಣುವುದನ್ನು ನೋಡಿ ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಅವಳು ಯಾರ ಕಡೆಗೂ ನೋಡಲಿಲ್ಲ. ಅವಸರವಿಲ್ಲದೆ ಅಗಿಯುತ್ತಿದ್ದಳು.

'ಬಾರೇ' ಎಂದು ನನ್ನನ್ನು ಕರೆದಳು. 'ಬೆಳಿಗ್ಗಿಂದ ಏನೂ ತಿಂದಿಲ್ಲ ಅನ್ಸುತ್ತೆ ನೀನು. ಇನ್ನೊಂದು ರೊಟ್ಟಿ ಐತೆ.'